ಹನ್ನೆರಡರ ಹೊರಗಿನ ಆಟಗಾರ

ಬಂಟ್ವಾಳದ ಮೈದಾನದಲ್ಲಿ ಬೆಳಕು ಹರಿಯುತ್ತಿದೆ. ರಾತ್ರಿಯಿಡೀ ಉರಿದ ಫ್ಲಡ್‌ಲೈಟುಗಳು ಬೆಳ್ಳಗಾಗುತ್ತಿರುವ ಆಕಾಶದ ಎದುರು ಮಂಕಾಗಿವೆ. ಹೆಗಲ ಮೇಲಿನ ಬೈರಾಸನ್ನು ತಲೆಗೆ ಸುತ್ತಿ ಗ್ಯಾಲರಿಯಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ನಿಂತಿದ್ದಾರೆ. ಕಬಡ್ಡಿ ಪಂದ್ಯಾಟದ ಫೈನಲ್. ಎರಡೂ ತಂಡಗಳ ಅಂಕ ಸಮ. ಉಳಿದಿರುವುದು ಒಂದೇ ರೈಡು.

ಅಂಕಣದ ಎಡ ಮೂಲೆಯಲ್ಲಿ ಸೊಂಟ ಬಗ್ಗಿಸಿ, ಎರಡೂ ಕೈಗಳನ್ನು ಮೊಣಕಾಲಿನ ಮುಂದೆ ಬಿಡಿಸಿಟ್ಟು ನಿಂತವರು ತರುಣ್. ಬಲ ಮೊಣಕಾಲಿಗೆ ಕಪ್ಪು ಪಟ್ಟಿ. ವಯಸ್ಸು ಮೂವತ್ತೊಂದು, ಈ ಆಟದ ಲೆಕ್ಕದಲ್ಲಿ ಇಳಿಹೊತ್ತು. ಮೈಕಿನವರು ತುಳುವಿನಲ್ಲಿ ಕೂಗುತ್ತಾರೆ: "ಎಡತ ಮೂಲೆಡ್, ನೆರಿಯ ತರುಣ್!" ಊರಿನ ಹೆಸರನ್ನು ಸೇರಿಸಿಯೇ ಈ ಕಡೆಯ ಆಟಗಾರರನ್ನು ಕರೆಯುವುದು. ಕೂಗು ಮುಗಿಯುವ ಮೊದಲೇ ಗ್ಯಾಲರಿಯ ಹಿಂದಿನಿಂದ ಒಂದು ದನಿ ಬರುತ್ತದೆ: "ತೂಲ, ಕೈ ಜಾರುಂಡು!" ನೋಡು, ಕೈ ಜಾರುತ್ತದೆ ಎಂದು. ಸುತ್ತಲಿದ್ದವರು ನಗುತ್ತಾರೆ. ತರುಣ್ ತಿರುಗಿ ನೋಡುವುದಿಲ್ಲ.

ವೇಣೂರಿನ ತಂಡದ ಉದ್ದ ಕಾಲಿನ ರೈಡರ್ ಗೆರೆ ದಾಟಿ ಬರುತ್ತಾನೆ. ಬಲಕ್ಕೆ ಹೋದಂತೆ ಮಾಡಿ, ಸಟ್ಟನೆ ಎಡಕ್ಕೆ ತಿರುಗಿ ಕಾಲು ಚಾಚುತ್ತಾನೆ. ಆ ಕಾಲು ಮ್ಯಾಟಿಗೆ ತಾಗುವ ಮೊದಲೇ ತರುಣ್ ನೆಲಕ್ಕೆ ಬಿದ್ದಾಗಿದೆ. ಎರಡೂ ಕೈ ರೈಡರಿನ ಹಿಮ್ಮಡಿಯ ಮೇಲೆ ಬಿಗಿದಿವೆ. ರೈಡರ್ ಎಳೆಯುತ್ತಾನೆ. ಬೆವರಿಗೆ ಒದ್ದೆಯಾದ ಮ್ಯಾಟಿನ ಮೇಲೆ ತರುಣ್ ಎದೆಯಡಿಯಾಗಿ ಜಾರುತ್ತಾ ಹೋಗುತ್ತಾರೆ, ಒಂದು ಮಾರು, ಇನ್ನೂ ಅರ್ಧ ಮಾರು. ನಡುಗೆರೆ ಒಂದು ಗೇಣು ದೂರ. "ಬುಡಡ ಮಾರಾಯ, ಬುಡಡ!" ಬಿಡಬೇಡ ಎಂದು ಬೊಬ್ಬೆ ಹಾಕುವವರಲ್ಲಿ ಈಗಷ್ಟೇ ನಕ್ಕವರೂ ಇದ್ದಾರೆ. ಉಳಿದವರು ಬಂದು ಮೇಲೆ ಬೀಳುತ್ತಾರೆ. ಸೀಟಿ ಮೊಳಗುತ್ತದೆ.

ಬಂಟ್ವಾಳದ ತಂಡ ಗೆದ್ದಿದೆ. ಆಟಗಾರರು ಒಬ್ಬರನ್ನೊಬ್ಬರು ಎತ್ತಿ ಕುಣಿಯುತ್ತಿದ್ದಾರೆ. ರಾಶಿಯ ಅಡಿಯಿಂದ ಕೊನೆಗೆ ಎದ್ದ ತರುಣ್ ಮೊದಲು ನೋಡುವುದು ವೇಣೂರಿನ ಹುಡುಗನ ಕಾಲನ್ನು. ಅವನು ಎದ್ದು ನಿಂತು ಎರಡು ಹೆಜ್ಜೆ ಹಾಕಿದ ಮೇಲೆಯೇ ಅವರು ತಮ್ಮ ಕೈ ನೋಡಿಕೊಳ್ಳುತ್ತಾರೆ. ಎಡಗೈಯ ಉಂಗುರ ಬೆರಳು ಗಂಟಿನಿಂದ ಕಳಚಿ ಪಕ್ಕಕ್ಕೆ ತಿರುಗಿಕೊಂಡಿದೆ.

ತಂಡದ ಯಜಮಾನ ಅಬ್ದುಲ್ ಸಮದ್ ಓಡಿ ಬರುತ್ತಾರೆ. ಮೀನಿನ ಟೆಂಪೊ ಓಡಿಸುವ, ಒಂದು ಕಾಲದಲ್ಲಿ ಒಳ್ಳೆಯ ರೈಡರ್ ಆಗಿದ್ದ ಅವರು ಆಟಗಾರರಿಗೆಲ್ಲ ಸಮದಾಕ. ಓಡಿ ಬಂದದ್ದು ಬೆನ್ನು ತಟ್ಟಲಿಕ್ಕಲ್ಲ. "ನಿನಗೆ ನಾನು ಏನು ಹೇಳಿದ್ದು? ಪುಣೆಗೆ ಹೋಗಿ ಬರುವ ತನಕ ಅಂಕಣಕ್ಕೆ ಇಳಿಯಬೇಡ ಅಂತ ಹೇಳಿದ್ದಲ್ವಾ? ಈಗ ಈ ಬೆರಳು ತಕ್ಕೊಂಡು ಅಲ್ಲಿ ಏನು ಹಿಡೀತೀ, ನನ್ನ ತಲೆಯಾ?" ಬೈಯುತ್ತಲೇ ಬೆರಳನ್ನು ಹಿಡಿದು ಒಂದೇ ಎಳೆತಕ್ಕೆ ಸರಿ ಕೂರಿಸುತ್ತಾರೆ. ತರುಣ್ ಹಲ್ಲು ಕಚ್ಚುತ್ತಾರೆ.

ದೇಶವೆಲ್ಲ ಟಿವಿಯಲ್ಲಿ ನೋಡುವ ದೊಡ್ಡ ಕಬಡ್ಡಿ ಲೀಗಿನ ಒಂದು ತಂಡ ಪುಣೆಯಲ್ಲಿ ಆಯ್ಕೆ ಶಿಬಿರ ಇಟ್ಟುಕೊಂಡಿದೆ. ಗುರುವಾರ ಬೆಳಿಗ್ಗೆ ತರುಣ್ ಅಲ್ಲಿರಬೇಕು. ಇಂದು ಭಾನುವಾರ. ಫೈನಲ್‌ನಲ್ಲಿ ಆಡುವ ವಿಚಾರವೇ ಅವರಿಗಿರಲಿಲ್ಲ. ಪ್ಯಾಂಟು ಹಾಕಿಕೊಂಡು ಹೊರಗೆ ಕೂತಿದ್ದರು. ದ್ವಿತೀಯಾರ್ಧದಲ್ಲಿ ತಂಡದ ಎಡ ಮೂಲೆಯವನ ಭುಜ ಉಳುಕಿತು. ಸಮದಾಕ ಇವರ ಮುಖ ನೋಡದೆ ಬೇರೆ ಯಾರನ್ನೋ ಕರೆಯುತ್ತಿದ್ದರು. ಇವರೇ ಪ್ಯಾಂಟು ಕಳಚಿ ಒಳಗೆ ಹೋದರು.

ಏಕೆ ಎಂದರೆ ಅವರ ಉತ್ತರ ಸುಲಭ. "ನನ್ನನ್ನು ಯಾರೂ ಕರೆಯದಿದ್ದಾಗ ಸಮದಾಕ ಕರೆದದ್ದು. ಅವರ ಟೀಮ್ ಸೋಲುವಾಗ ನಾನು ಪ್ಯಾಂಟು ಹಾಕ್ಕೊಂಡು ಕೂತ್ರೆ ಆಗ್ತದಾ?"

ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ, ಘಟ್ಟದ ಕಾಡು ಶುರುವಾಗುವಲ್ಲಿ, ತರುಣ್ ಮನೆ. ತಂದೆ ನೋಣಯ್ಯ ಗೌಡರು, ತಾಯಿ ರಾಜೀವಿ, ಹೆಂಡತಿ ವಿಸ್ಮಿತಾ, ನಾಲ್ಕು ವರ್ಷದ ಮಗಳು ತೃಷಾ. ಪಂದ್ಯಾಟವಿಲ್ಲದ ದಿನ ಬೆಳಕು ಹರಿಯುವ ಮೊದಲೇ ಅಪ್ಪ ಮಗ ಇಬ್ಬರೂ ಹಣೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಇಳಿಯುತ್ತಾರೆ. ಸ್ವಂತದ್ದು ಸ್ವಲ್ಪ, ಬೇರೆಯವರ ತೋಟದ್ದು ಹೆಚ್ಚು; ಎಲ್ಲ ಸೇರಿ ತರುಣ್ ಪಾಲಿಗೆ ದಿನಕ್ಕೆ ಮುನ್ನೂರರಷ್ಟು ಮರ. ಹಾಲು ಸಂಗ್ರಹಿಸಿ, ಶೀಟು ಹೊಡೆದು ಮುಗಿಯುವಾಗ ಬಿಸಿಲು ನೆತ್ತಿಗೇರುತ್ತದೆ. ಸಂಜೆ ಶಾಲೆಯ ಮೈದಾನದಲ್ಲಿ ಓಟ, ಮನೆಯ ಹಿಂದೆ ಮರಕ್ಕೆ ಕಟ್ಟಿದ ಟೈರನ್ನು ಎಳೆಯುವ ಕಸರತ್ತು. ನವೆಂಬರಿನಿಂದ ಮಳೆ ಹಿಡಿಯುವ ತನಕ ವಾರಕ್ಕೆ ಎರಡೋ ಮೂರೋ ಪಂದ್ಯಾಟ. ಇಂದು ಬಂಟ್ವಾಳ, ನಾಳೆ ವೇಣೂರು, ಆಚೆ ವಾರ ಮೂಡುಬಿದಿರೆ. ಪಂದ್ಯ ಮುಗಿಸಿ ಬಸ್ಸಿನಲ್ಲಿ ನಿದ್ದೆ ಮಾಡಿ, ಇಳಿದವರೇ ತೋಟಕ್ಕೆ ಹೋಗುವುದೂ ಉಂಟು.

ಇದು ಕೆಳಗಿನ ಕಬಡ್ಡಿ. ಮೇಲಿನದನ್ನೂ ಅವರು ನೋಡಿದ್ದಾರೆ. ಒಂಬತ್ತು ವರ್ಷಗಳಲ್ಲಿ ಮೂರು ಸಲ ಕರೆ ಬಂದಿದೆ, ಮೂರು ಸಲವೂ ತೋಟಕ್ಕೇ ಮರಳಿದ್ದಾರೆ. ಆ ಮೂರೂ ಸಲ ಸೇರಿಸಿದರೆ ದೊಡ್ಡ ಅಂಕಣದ ಮೇಲೆ ಅವರು ನಿಂತದ್ದು ಇಪ್ಪತ್ತು ನಿಮಿಷವೂ ಆಗದು.

ಮೊದಲ ಸಲ ಹೋದಾಗ ಇಪ್ಪತ್ತೆರಡರ ಪ್ರಾಯ. ಮೂಡುಬಿದಿರೆಯಲ್ಲಿ ಕಾಲೇಜಿನ ಕ್ರೀಡಾ ಹಾಸ್ಟೆಲಿನಲ್ಲಿದ್ದು ಆಡುತ್ತಿದ್ದವನನ್ನು ಯಾರೋ ನೋಡಿ ಕರೆಸಿಕೊಂಡರು. ನೆರಿಯದಲ್ಲಿ ಟಿವಿ ಇದ್ದ ಮನೆಗಳಲ್ಲೆಲ್ಲ ಜನ ಸೇರಿದರು. ಇಡೀ ಸೀಸನ್ ತರುಣ್ ಅಂಕಣಕ್ಕೆ ಇಳಿಯಲಿಲ್ಲ. ಟೈಂಔಟ್ ಆದಾಗ ಆಟಗಾರರಿಗೆ ನೀರಿನ ಬಾಟಲಿ ಕೊಡುವಾಗ ಮಾತ್ರ ಟಿವಿಯಲ್ಲಿ ಕಂಡರು. ಊರಿಗೆ ಬಂದ ಮಗನನ್ನು ನೋಣಯ್ಯ ಗೌಡರು ಕೇಳಿದ್ದು ಒಂದೇ ಮಾತು: "ನೀರು ಕೊಡ್ಲಿಕ್ಕೆ ಅಷ್ಟು ದೂರ ಹೋಗಬೇಕಿತ್ತಾ?"

ಅವರು ತಮಾಷೆಗೆ ಕೇಳಿದ್ದಂತೆ. "ನನಗೆ ಅದು ತಮಾಷೆ ಅಂತ ಗೊತ್ತಾಗ್ಲಿಕ್ಕೆ ಎರಡು ವರ್ಷ ಬೇಕಾಯ್ತು" ಎಂದು ತರುಣ್ ಈಗ ನಗುತ್ತಾರೆ.

ಎರಡನೆಯ ಸಲ ಕರೆ ಬಂದಾಗ ಲೀಗ್ ಶುರುವಾಗಲು ತಿಂಗಳಿತ್ತು. ಸುಮ್ಮನಿರಲಾಗದೆ ವೇಣೂರಿನ ಒಂದು ಪಂದ್ಯಾಟಕ್ಕೆ ಹೋದರು. ಆ ದಿನ ರೈಡರುಗಳು ಕಡಿಮೆ ಇದ್ದುದರಿಂದ ತಾವೇ ರೈಡಿಗೆ ಇಳಿದರು. ಎದುರಿನವನು ಹಿಮ್ಮಡಿ ಹಿಡಿದ. ಪಾದ ನೆಲಕ್ಕೆ ಊರಿಕೊಂಡಿತ್ತು. ಆಗಲೇ ಇನ್ನೊಬ್ಬ ಬದಿಯಿಂದ ಬಂದು ತೊಡೆಯ ಮೇಲೆ ಬಿದ್ದ. ಮೊಣಕಾಲು ಒಳಗಡೆಗೆ ಮಡಚಿತು. "ಒಣಗಿದ ಅಡಕೆ ಹಾಳೆ ಮುರಿದ ಹಾಗೆ ಒಂದು ಶಬ್ದ. ನೋವು ಆಮೇಲೆ ಬಂದದ್ದು. ಶಬ್ದ ಮೊದಲು."

ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ. ಲೀಗಿನ ತಂಡ ಬೇರೆಯವರನ್ನು ತೆಗೆದುಕೊಂಡಿತು. ಒಂದು ವರ್ಷ ಕಬಡ್ಡಿ ಇಲ್ಲ, ಟ್ಯಾಪಿಂಗೂ ಇಲ್ಲ. ರಾಜೀವಿ ಮಗನ ಜರ್ಸಿಗಳನ್ನು ಒಗೆದು ಮಡಚಿ ಅಟ್ಟದ ಪೆಟ್ಟಿಗೆಯಲ್ಲಿಟ್ಟರು. ಬೆಳ್ತಂಗಡಿಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಿದ್ದ ವಿಸ್ಮಿತಾ ಮದುವೆಯಾಗಿ ಮನೆಗೆ ಬಂದದ್ದು ಆ ವರ್ಷದ ಕೊನೆಗೆ. "ನನಗೆ ಇವರು ರಬ್ಬರ್ ಟ್ಯಾಪಿಂಗ್ ಮಾಡುವವರು ಅಂತಲೇ ಹೇಳಿದ್ದು" ಎನ್ನುತ್ತಾರೆ ಆಕೆ. "ಮದುವೆಯಾಗಿ ತಿಂಗಳಿಗೆ ಬಂಟ್ವಾಳದಿಂದ ಸಮದಾಕ ಬಂದ್ರು, ಬುಟ್ಟಿ ತುಂಬ ಬಂಗುಡೆ ಹಿಡ್ಕೊಂಡು. ಮೀನು ಕೊಟ್ಟು ಗಂಡನನ್ನು ಕರ್ಕೊಂಡು ಹೋದ್ರು."

ಮೂರನೆಯ ಕರೆ ಬಂದದ್ದು ಕಳೆದ ವರ್ಷ, ಲೀಗಿನ ನಡುವಿನಲ್ಲಿ. ಒಂದು ತಂಡದ ಎಡ ಮೂಲೆಯ ಆಟಗಾರನ ಕೈ ಮುರಿದಿತ್ತು. ತರುಣ್ ತೋಟದಲ್ಲಿದ್ದಾಗ ಫೋನು ಬಂತು. ಸಂಜೆಯೊಳಗೆ ಮಂಗಳೂರು ಏರ್‌ಪೋರ್ಟಿನಲ್ಲಿರಬೇಕು. ಕೈಯ ರಬ್ಬರ್ ಹಾಲಿನ ವಾಸನೆ ವಿಮಾನದಲ್ಲೂ ಹೋಗಿರಲಿಲ್ಲವಂತೆ.

ಆ ಸಲ ಆಡಿಸಿದರು. ಒಂದು ಪಂದ್ಯದಲ್ಲಿ ಐದು ನಿಮಿಷ, ಇನ್ನೊಂದರಲ್ಲಿ ಆರು. ಕೆಟ್ಟದಾಗಿ ಆಡಲಿಲ್ಲ. ಆಮೇಲೆ ಆ ಪಂದ್ಯ ಬಂತು. ಗೆದ್ದರೆ ಮುಂದಿನ ಹಂತ, ಸೋತರೆ ಮನೆ. ಕೊನೆಯ ನಿಮಿಷಗಳಲ್ಲಿ ಕೋಚ್ ತರುಣ್ ಅವರನ್ನು ಒಳಗೆ ಕಳಿಸಿದರು. ತಂಡ ಒಂದು ಅಂಕದಿಂದ ಮುಂದಿತ್ತು. ಅಂಕಣದಲ್ಲಿ ಉಳಿದವರು ಮೂವರೇ. ಎದುರಿನ ತಂಡದ ಕೊನೆಯ ರೈಡಿಗೆ ಬಂದವನು ಭವಿತ್.

ಭವಿತ್ ಮೂಡುಬಿದಿರೆಯ ಹತ್ತಿರದವನು. ಇಪ್ಪತ್ತೆರಡು ವರ್ಷ. ಊರಿನ ಪಂದ್ಯಾಟಗಳಲ್ಲಿ ತರುಣ್ ಅವರ ಕೈಗೆ ಎಷ್ಟೋ ಸಲ ಸಿಕ್ಕಿಬಿದ್ದು, ಎಷ್ಟೋ ಸಲ ತಪ್ಪಿಸಿಕೊಂಡು ಬೆಳೆದವನು. ಆ ವರ್ಷ ಲೀಗಿಗೆ ಬಂದು ಹೆಸರು ಮಾಡುತ್ತಿದ್ದ. "ತರುಣಣ್ಣ ಎಲ್ಲಿಗೆ ಬೀಳ್ತಾರೆ ಅಂತ ನನಗೆ ಗೊತ್ತು, ನಾನು ಎಲ್ಲಿಗೆ ತಿರುಗ್ತೇನೆ ಅಂತ ಅವರಿಗೆ ಗೊತ್ತು" ಎನ್ನುತ್ತಾನೆ ಭವಿತ್. "ಹೆದರಿಕೆ ಆಗಿತ್ತು. ಕಬಡ್ಡಿ ಕಬಡ್ಡಿ ಅಂತ ಕ್ಯಾಂಟು ಹೇಳುವಾಗ ಬಾಯಿ ಒಣಗಿತ್ತು."

ನಡೆದದ್ದು ಉಸಿರು ಎಳೆದು ಬಿಡುವಷ್ಟು ಹೊತ್ತು. ಭವಿತ್ ಎಡಕ್ಕೆ ಬಂದ, ತರುಣ್ ಹಿಮ್ಮಡಿ ಹಿಡಿದರು. ಗಟ್ಟಿ ಹಿಡಿತ. ಭವಿತನ ಪಾದ ಮ್ಯಾಟಿಗೆ ಊರಿಕೊಂಡಿತು. ಪಕ್ಕದ ಆಟಗಾರ ಬಂದು ಅವನ ತೊಡೆಯ ಮೇಲೆ ಬಿದ್ದ. ಮೊಣಕಾಲು ಒಳಗಡೆಗೆ ವಾಲಲು ಶುರುವಾಯಿತು. ಮರುಕ್ಷಣ ತರುಣ್ ಕೈಗಳು ಬಿಚ್ಚಿಕೊಂಡಿದ್ದವು. ಭವಿತ್ ಮುಂದಕ್ಕೆ ಬಿದ್ದು, ತೆವಳಿ, ನಡುಗೆರೆ ಮುಟ್ಟಿದ. ಅವನನ್ನು ಮುಟ್ಟಿದ್ದವರು ಇಬ್ಬರು, ಅವನ ತಂಡಕ್ಕೆ ಎರಡು ಅಂಕ. ಪಂದ್ಯ ಹೋಯಿತು.

ಡ್ರೆಸ್ಸಿಂಗ್ ರೂಮಿನಲ್ಲಿ ಎಲ್ಲರೂ ಶೂ ಬಿಚ್ಚತೊಡಗಿದರು. ಕೋಚ್ ಹೊರಗೆ ಹೋಗುವಾಗ ಇವರ ಎದುರು ನಿಂತು, "ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳಲು ಆಗದಿದ್ದರೆ ಮೂಲೆಯಲ್ಲಿ ನಿಲ್ಲಬಾರದು" ಎಂದರು. ತರುಣ್ ತಲೆ ತಗ್ಗಿಸಿ ಕೂತರು. ಟಿವಿಯವರು ಆ ತುಣುಕನ್ನು ಮತ್ತೆ ಮತ್ತೆ ತೋರಿಸಿದರು. ಅವರು ಊರಿಗೆ ಬರುವ ಮೊದಲೇ ಅದು ಬೆಳ್ತಂಗಡಿಯ ಮೊಬೈಲುಗಳಿಗೆಲ್ಲ ಬಂದಿತ್ತು, ಕೆಳಗೆ ಹಾಡು ಸೇರಿಸಿ. ಬಸ್ಸಿನಲ್ಲಿ ಟಿಕೆಟಿನ ಚಿಲ್ಲರೆ ಕೈಯಿಂದ ಜಾರಿ ಬಿದ್ದರೂ ಹಿಂದಿನ ಸೀಟಿನಲ್ಲಿ ನಗು.

"ಮನೆಗೆ ಬಂದ ರಾತ್ರಿ ಊಟಕ್ಕೆ ಕೂತಾಗ ನಾನು ಕೇಳಿದೆ, ಏನಾಯ್ತು ಅಂತ" ಎನ್ನುತ್ತಾರೆ ವಿಸ್ಮಿತಾ. "ಗೊತ್ತಿಲ್ಲ ಅಂದ್ರು. ಎರಡನೇ ಸಲ ನಾನು ಕೇಳ್ಲಿಲ್ಲ. ಆದ್ರೆ ಅವತ್ತಿಂದ ಇವರು ನಿದ್ದೆಯಲ್ಲಿ ಮುಷ್ಟಿ ಕಟ್ಟಿಕೊಂಡಿರ್ತಾರೆ."

ತಿಂಗಳ ಮೇಲೆ ಒಂದು ಬೆಳಿಗ್ಗೆ ಭವಿತ್ ಬೈಕಿನಲ್ಲಿ ನೆರಿಯಕ್ಕೆ ಬಂದ. ತರುಣ್ ಅಂಗಳದಲ್ಲಿ ರಬ್ಬರ್ ಶೀಟು ಒಣಗಲು ಹಾಕುತ್ತಿದ್ದರು. ತಲೆ ಎತ್ತಿದವರು ಮೊದಲು ಕೇಳಿದ್ದು: "ಕಾಲು ಸರಿ ಉಂಟಾ?"

ಭವಿತ್ ಅಂಗಳದಲ್ಲೇ ನಿಂತ. "ಅಣ್ಣ, ನೀವು ಬಿಟ್ಟದ್ದು. ಜಾರಿದ್ದಲ್ಲ. ಹಿಡಿತ ಸಡಿಲ ಆದದ್ದು ನನಗೆ ಗೊತ್ತಾಗಿದೆ. ಬಿಡದಿದ್ರೆ ನನ್ನ ಕಾಲು ಹೋಗ್ತಿತ್ತು."

"ಹಾಗೆಲ್ಲ ಏನಿಲ್ಲ. ಬೆವರಿತ್ತು."

"ನಾನು ಎಲ್ಲರಿಗೂ ಹೇಳ್ತೇನೆ. ಟಿವಿಯವರು ಕೇಳಿದ್ರೆ ಟಿವಿಯಲ್ಲೂ ಹೇಳ್ತೇನೆ."

ತರುಣ್ ಕೈಯಲ್ಲಿದ್ದ ಶೀಟನ್ನು ಕೆಳಗಿಟ್ಟರು. ಅಲ್ಲಿದ್ದ ರಾಜೀವಿಯವರಿಗೆ ಮಗ ಅಷ್ಟು ಕಠಿಣವಾಗಿ ಮಾತಾಡಿದ್ದು ಕೇಳಿ ಗಾಬರಿಯಾಯಿತಂತೆ. "ಬೇಡ. ಒಂದು ಮಾತೂ ಹೇಳಬೇಡ. ಕೈ ಜಾರಿದವನನ್ನು ನಾಳೆ ಯಾರಾದ್ರೂ ಪುನಃ ಕರೆಯಬಹುದು. ಕೈ ಬಿಟ್ಟವನನ್ನು ಯಾವ ಟೀಮಿನವರೂ ಕರೆಯುವುದಿಲ್ಲ. ಬಾಯಿ ಮುಚ್ಚಿಕೊಂಡಿರು, ಅಷ್ಟು ಮಾಡು ನನಗೆ."

ಭವಿತ್ ಚಾ ಕುಡಿಯದೆ ಹೋದ. ಮಾತು ಉಳಿಸಿಕೊಂಡ. ಹೋದಲ್ಲೆಲ್ಲ ಗೇಲಿ ಕೇಳುತ್ತಾ ತರುಣ್ ಆ ಸೀಸನ್ನಿನ ಪಂದ್ಯಾಟಗಳನ್ನೆಲ್ಲ ಆಡಿದರು. ಗೇಲಿಗಿಂತ ಕಷ್ಟವಾದದ್ದು ಬೇರೆಯೇ ಇತ್ತು. "ಹಿಮ್ಮಡಿ ಕೈಗೆ ಸಿಕ್ಕಿದ ಕೂಡಲೇ ಒಳಗಿಂದ ಯಾರೋ ತಡೀರಿ ಅಂದ ಹಾಗೆ ಆಗ್ತಿತ್ತು. ಅರ್ಧ ಸೆಕೆಂಡು. ಅಷ್ಟರಲ್ಲಿ ರೈಡರ್ ಹೋಗಿ ಆಗಿರ್ತಿತ್ತು." ಮೂಡುಬಿದಿರೆಯಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಹಾಗಾಯಿತು. ಪಂದ್ಯ ಮುಗಿದ ಮೇಲೆ ಸಮದಾಕ ಟೆಂಪೊದಲ್ಲಿ ಕೂರಿಸಿಕೊಂಡು, ಬಂಟ್ವಾಳದ ದಾರಿಯುದ್ದಕ್ಕೂ ಏನೂ ಕೇಳದೆ ಬಂದು, ಇಳಿಸುವಾಗ ಹೇಳಿದರು: "ಕಾಲು ಹಿಡಿದು ಎಳೆಯುವುದು ಬಿಡು. ಕಾಲಿನ ಜೊತೆಗೆ ಹೋಗು. ಅವನು ಎಲ್ಲಿಗೆ ತಿರುಗ್ತಾನೋ ನಿನ್ನ ಮೈಯೂ ಅಲ್ಲಿಗೇ ತಿರುಗಲಿ. ಆಗ ಅವನದ್ದೂ ಮುರಿಯುವುದಿಲ್ಲ, ನಿನ್ನ ಕೈಯೂ ಬಿಡುವುದಿಲ್ಲ."

ಹೊಸದಾಗಿ ಕಲಿಯುವುದೆಂದರೆ ಮೂವತ್ತೊಂದರ ಮೈಗೆ ಸುಲಭವಲ್ಲ. ಮರಕ್ಕೆ ಕಟ್ಟಿದ ಟೈರನ್ನು ಎಳೆಯುವುದು ಬಿಟ್ಟು, ತೂಗುವ ಟೈರಿನ ಜೊತೆ ನೆಲದಲ್ಲಿ ಉರುಳತೊಡಗಿದರು. ಎದೆ, ಮೊಣಕೈ ಎಲ್ಲ ತರಚಿತು. ಮಾರ್ಚಿನ ಹೊತ್ತಿಗೆ ಆ ಅರ್ಧ ಸೆಕೆಂಡು ಕಡಿಮೆಯಾಗುತ್ತಾ ಬಂತು. ಎಪ್ರಿಲಿನಲ್ಲಿ ಪುಣೆಯಿಂದ ಫೋನು ಬಂತು. ಶಿಬಿರಕ್ಕೆ ಬನ್ನಿ, ನೋಡೋಣ ಎಂದಷ್ಟೇ.

ಬಂಟ್ವಾಳದ ಫೈನಲ್ ಮುಗಿಸಿ ಬಾತ ಬೆರಳಿನೊಂದಿಗೆ ಮನೆಗೆ ಬಂದ ತರುಣ್ ಅವರನ್ನು ವಿಸ್ಮಿತಾ ಬೈಯಲಿಲ್ಲ. ಲ್ಯಾಬಿನಿಂದ ಟೇಪು ತಂದು ಉಂಗುರ ಬೆರಳನ್ನು ನಡುಬೆರಳಿಗೆ ಸೇರಿಸಿ ಸುತ್ತಿದರು. "ಬೇಡ ಅಂದ್ರೆ ನಿಲ್ತೀರಾ?" ಎಂದು ಕೇಳಿದರು. ತರುಣ್ ಟೇಪು ಸುತ್ತಿದ ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದರು. "ಹಾಗಾದ್ರೆ ಹೋಗಿ ಬನ್ನಿ. ಬೆರಳು ಮುಚ್ಚಿಡಬೇಡಿ, ತೋರಿಸಿಯೇ ಆಡಿ. ಅವರು ಬೇಡ ಅಂದ್ರೆ ವಾಪಸು ಬಂದ್ರಾಯ್ತು. ತೋಟ ಎಲ್ಲಿಗೂ ಹೋಗುವುದಿಲ್ಲ."

ಗುರುವಾರ ಬೆಳಿಗ್ಗೆ ಪುಣೆಯ ಶಿಬಿರದಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರೇ ತುಂಬಿದ್ದರು. ತರುಣ್ ಸಾಲಿನಲ್ಲಿ ನಿಂತು ಬೆರಳು ತೋರಿಸಿದರು. ವೈದ್ಯರು ಮುಖ ಸಿಂಡರಿಸಿದರು, ಆದರೆ ಹೊರಗೆ ಕಳಿಸಲಿಲ್ಲ. ಹರಿಯಾಣದವರಾದ ಆ ತಂಡದ ಕೋಚ್ ಇವರ ಹೆಸರು ಕೇಳಿ ನಿಂತರು.

"ಆ ಪಂದ್ಯದವನು ನೀನೇ ಅಲ್ಲವಾ? ಅವತ್ತು ಏನಾಯಿತು?"

ಇಡೀ ವರ್ಷ ಕಾದಿದ್ದ, ಹೆದರಿದ್ದ ಪ್ರಶ್ನೆ. ಬೆವರಿತ್ತು ಎಂದು ಹೇಳಬೇಕೆಂದು ಬಸ್ಸಿನಲ್ಲಿ ನೂರು ಸಲ ಅಂದುಕೊಂಡು ಬಂದಿದ್ದರು. ಬಾಯಿಗೆ ಬಂದದ್ದು ಬೇರೆ. "ಹರಕು ಮುರುಕು ಹಿಂದಿಯಲ್ಲಿ ಹೇಳಿದೆ. ಅವನ ಕಾಲು ಮುರಿಯುವುದರಲ್ಲಿತ್ತು ಸರ್, ಕೈ ಬಿಚ್ಚಿಹೋಯ್ತು. ನಾನು ಬಿಟ್ಟದ್ದೋ, ಅದಾಗಿಯೇ ಬಿಟ್ಟದ್ದೋ ನನಗೆ ಗೊತ್ತಿಲ್ಲ. ಸತ್ಯ ಗೊತ್ತಿಲ್ಲ. ಈಗ ಬೇರೆ ರೀತಿ ಹಿಡಿಯುವುದನ್ನು ಕಲ್ತಿದ್ದೇನೆ, ನೋಡಿ ಅಂದೆ."

ಕೋಚ್ ಅಂಕಣದ ಆಚೆ ಬದಿಗೆ ಕೈ ಬೀಸಿ, ತಂಡದ ಮುಖ್ಯ ರೈಡರನ್ನು ಕರೆದರು. ದೇಶದ ಮೂಲೆಮೂಲೆಯಲ್ಲೂ ಹುಡುಗರು ಅವನ ನಂಬರಿನ ಜರ್ಸಿ ಹಾಕಿಕೊಂಡು ತಿರುಗುತ್ತಾರೆ. ತರುಣ್ ಎಡ ಮೂಲೆಗೆ ಹೋಗಿ ಬಗ್ಗಿ ನಿಂತರು. ಮೊದಲ ಸಲ ಅವನು ಮುಟ್ಟಿ ಹೋದದ್ದೇ ತಿಳಿಯಲಿಲ್ಲ. ಎರಡನೆಯ ಸಲವೂ ಹಾಗೆಯೇ. ಸುತ್ತಲಿನ ಹುಡುಗರು ಮುಖ ಮುಖ ನೋಡಿಕೊಂಡರು. ಟೇಪು ಸುತ್ತಿದ ಬೆರಳು ದಪದಪ ಬಡಿದುಕೊಳ್ಳುತ್ತಿತ್ತು. ಮೂರನೆಯ ಸಲ ಹಿಮ್ಮಡಿ ಸಿಕ್ಕಿತು. ರೈಡರ್ ಎಡಕ್ಕೆ ತಿರುಚಿದ, ತರುಣ್ ಮೈಯೂ ಎಡಕ್ಕೆ ಉರುಳಿತು. ಬಲಕ್ಕೆ ತಿರುಚಿದ, ಅಲ್ಲಿಗೂ ಉರುಳಿತು. ಕೋಚ್ ಸೀಟಿ ಊದಲಿಲ್ಲ. ರೈಡರ್ ಕೊನೆಗೆ ತಾನೇ ಮ್ಯಾಟಿಗೆ ಎರಡು ಸಲ ಬಡಿದು, ಸಾಕು ಎಂದ. ಎದ್ದು ನಿಂತು ಕಾಲು ಜಾಡಿಸಿಕೊಂಡು, "ಇನ್ನೊಮ್ಮೆ" ಎಂದ.

ಸಂಜೆಯ ತನಕ ಆ ಇನ್ನೊಮ್ಮೆ ಮುಗಿಯಲಿಲ್ಲ.

ಮೂರನೆಯ ದಿನ ಪಟ್ಟಿ ಹಾಕಿದರು. ಅದರಲ್ಲಿ ತರುಣ್ ಹೆಸರಿರಲಿಲ್ಲ. ಬ್ಯಾಗು ಕಟ್ಟುತ್ತಿದ್ದವರನ್ನು ಕೋಚ್ ಕರೆಸಿದರು. ಎಡ ಮೂಲೆಗೆ ಚಿಕ್ಕ ಪ್ರಾಯದವರಿಬ್ಬರನ್ನು ತೆಗೆದುಕೊಂಡಾಗಿದೆ, ಆದರೆ ದಿನಾ ಅಭ್ಯಾಸಕ್ಕೆ ಒಬ್ಬ ಬೇಕು. ತಂಡದ ಜೊತೆಗೇ ಇರಬೇಕು, ಊಟ ವಸತಿ ಸಂಬಳ ಎಲ್ಲ ಉಂಟು. ಪಂದ್ಯದ ದಿನದ ಹನ್ನೆರಡರಲ್ಲಿ, ಅಂದರೆ ಆಡುವ ಏಳು ಮತ್ತು ಬದಲಿಯ ಐದು ಜನರಲ್ಲಿ, ಮಾತ್ರ ಹೆಸರಿರುವುದಿಲ್ಲ. ಯಾರಿಗಾದರೂ ಪೆಟ್ಟಾದರೆ ಆಗ ನೋಡುವ.

"ನನ್ನ ರೈಡರನ್ನು ಹಿಡಿಯಬಲ್ಲವನು ಬೇಕು, ಅವನ ಕಾಲು ಮುರಿಯದವನು ಬೇಕು" ಎಂದರು ಕೋಚ್. "ಎರಡೂ ಗೊತ್ತಿರುವವರು ಇಲ್ಲಿ ಹೆಚ್ಚು ಜನ ಇಲ್ಲ."

ತರುಣ್ ಹೊರಗೆ ಬಂದು ಮನೆಗೆ ಫೋನು ಮಾಡಿದರು. ಹೆಂಡತಿ ಎತ್ತಿದಾಗ, ಪಟ್ಟಿಯಲ್ಲಿ ಹೆಸರಿಲ್ಲ ಎಂಬುದನ್ನೇ ಮೊದಲು ಹೇಳಿದರು. ಆಕೆ ಆಯ್ಕೆಯಾಗಲಿಲ್ಲವೆಂದೇ ತಿಳಿದು, "ಅಡ್ಡಿ ಇಲ್ಲ, ಬನ್ನಿ" ಎಂದರು. ಉಳಿದ ವಿಷಯ ಹೇಳಿದ ಮೇಲೆ ಹಿಂದಿನಿಂದ ನೋಣಯ್ಯ ಗೌಡರ ದನಿ ಕೇಳಿತು: "ಈ ಸಲ ನೀರು ಕೊಡುವ ಕೆಲಸ ಇಲ್ಲವಂತಾ?"

"ಇಲ್ಲ ಅಪ್ಪ. ನೀರು ಕೊಡುವವರೂ ಹನ್ನೆರಡರ ಒಳಗೆ ಇರಬೇಕು."

ಆ ಬದಿಯಲ್ಲಿ ಅಪ್ಪ ನಕ್ಕರು. ಈ ಸಲ ಮಗನೂ ನಕ್ಕರು.

ಕೈ ಬಿಟ್ಟ ವಿಷಯವನ್ನು ಬರೆಯಲು ತರುಣ್ ಬಹಳ ದಿನ ಒಪ್ಪಿರಲಿಲ್ಲ. ಈಗ ಬರೆಯಿರಿ ಎನ್ನುತ್ತಾರೆ. ಕೋಚಿಗೆ ಹೇಳಿ ಆಗಿದೆ, ಇನ್ನು ಯಾರಿಗೆ ಹೆದರುವುದು? ಭವಿತನಿಗೂ ಬಾಯಿ ಬಿಡಲು ಅನುಮತಿ ಸಿಕ್ಕಿದೆ. ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಾನೆ. ಬೆಳ್ತಂಗಡಿಯ ಬಸ್ಸುಗಳಲ್ಲಿ ಅರ್ಧ ಜನ ನಂಬಿದ್ದಾರೆ, ಇನ್ನರ್ಧ ಜನ ಜಾರಿದ್ದೇ ಎನ್ನುತ್ತಾರೆ.

ಲೀಗ್ ಶುರುವಾಗಿ ಈಗ ಮೂರು ವಾರ. ಪಂದ್ಯದ ಸಂಜೆ ತಂಡದ ಬಸ್ಸು ಕ್ರೀಡಾಂಗಣಕ್ಕೆ ಹೊರಟಾಗ ತರುಣ್ ಹೋಟೆಲಿನ ಕೋಣೆಯಲ್ಲಿ ಉಳಿಯುತ್ತಾರೆ. ಟಿವಿ ಹಾಕಿಕೊಂಡು, ಮೊಣಕಾಲಿಗೆ ಐಸು ಕಟ್ಟಿಕೊಂಡು, ನೆರಿಯಕ್ಕೆ ಫೋನು ಹಚ್ಚಿ, ಮನೆಯವರೊಂದಿಗೆ ಪಂದ್ಯ ನೋಡುತ್ತಾರೆ. ಬೆಳಿಗ್ಗೆ ಬೇಗ ಎಲ್ಲರಿಗಿಂತ ಮೊದಲು ಮ್ಯಾಟಿನ ಮೇಲಿರುತ್ತಾರೆ. ಸ್ವಲ್ಪ ಹೊತ್ತಿಗೆ ಆ ಮುಖ್ಯ ರೈಡರ್ ಬಂದು ಎದುರು ನಿಲ್ಲುತ್ತಾನೆ. ಆಮೇಲೆ ಎರಡು ಗಂಟೆ ಅವರಿಬ್ಬರದ್ದೇ ಆಟ. ನೋಡುವವರು ಯಾರೂ ಇಲ್ಲ.

ಆಸೆ ಏನು ಎಂದು ಕೇಳಿದರೆ ತರುಣ್ ತುಂಬಾ ಯೋಚಿಸುವುದಿಲ್ಲ. "ಒಂದು ಮ್ಯಾಚ್ ಪೂರ್ತಿ ಆಡಬೇಕು. ಮೊದಲಿಂದ ಕೊನೆಯ ತನಕ. ಸೋತರೂ ಅಡ್ಡಿ ಇಲ್ಲ." ಮತ್ತೆ ತಾವೇ, ಹೆಚ್ಚಾಯಿತೇನೋ ಎಂಬಂತೆ, ಮಾತು ತಿರುಗಿಸುತ್ತಾರೆ. ನಿನ್ನೆಯ ಪಂದ್ಯದಲ್ಲಿ ಆ ರೈಡರ್ ಒಬ್ಬನೇ ಹದಿನೈದು ಅಂಕ ತಂದಿದ್ದಾನೆ. ಎದುರಿನವರು ಮೂವರು ನಾಲ್ವರು ಸೇರಿ ಮೇಲೆ ಬಿದ್ದರೂ ನಿಲ್ಲಿಸಲಾಗಲಿಲ್ಲ. ಅದನ್ನು ಹೇಳುವಾಗ ತರುಣ್ ಮುಖದಲ್ಲಿ ಕಂಡೂ ಕಾಣದ ಹಾಗೆ ನಗು ಮೂಡುತ್ತದೆ.

"ಟಿವಿಯಲ್ಲಿ ಅವನನ್ನು ಹಿಡೀಲಿಕ್ಕೆ ಏಳು ಜನ ಬೇಕು. ಬೆಳಿಗ್ಗೆ ನಾನೊಬ್ಬನೇ ಹಿಡೀತೇನೆ."